ಕಣದೊಳಗೆ ಕಾಲಿಟ್ಟವನು ತಪ್ಪಿತಸ್ಥನೇ?

ಮಳೆಗಾಲದ ಒಂದು ಶನಿವಾರ ಕೊಡಗಿನ ಪೊನ್ನಂಪೇಟೆಯಲ್ಲಿ ಪಿಯು ವಿದ್ಯಾರ್ಥಿಗಳು ಮತ್ತು ಪೋಷಕರ ಎದುರು, ಕಾನೂನು ಪದವಿಯ ಪ್ರವೇಶ ಪರೀಕ್ಷೆಯ ಬಗ್ಗೆ ಆಡಿದ ಮಾತುಗಳ ಬರಹ ರೂಪ.

ಕರೆಂಟು ಹೋಗಿ ಅರ್ಧ ಗಂಟೆಯಾಯಿತು, ಇನ್ನು ಕಾಯುವುದರಲ್ಲಿ ಅರ್ಥವಿಲ್ಲ. ಶೀಟಿನ ಮೇಲೆ ಹೊಯ್ಯುತ್ತಿರುವ ಈ ಮಳೆಗಿಂತ ಗಟ್ಟಿಯಾಗಿ ಮಾತನಾಡಲು ನನ್ನಿಂದಾಗದು. ಹಿಂದಿನ ಬೆಂಚಿನವರು ಎದ್ದು ಮುಂದೆ ಬನ್ನಿ. ನಾನು ಮಡಿಕೇರಿಯಲ್ಲಿ ವಕೀಲಿ ಮಾಡುವವಳು. ಹುಟ್ಟೂರು ಸೋಮವಾರಪೇಟೆ ಕಡೆ. ಹತ್ತನೇ ತರಗತಿಯವರೆಗೆ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಹೇಳುವುದನ್ನು ಕೇಳಿ ‘ಇವರಿಗೇನು ಕಷ್ಟ, ಇಂಗ್ಲಿಷಿನಲ್ಲೇ ಓದಿದವರು’ ಎಂದು ಯಾರೂ ಅಂದುಕೊಳ್ಳುವುದು ಬೇಡ.

ಮಾತಿಗೆ ಮೊದಲು ಒಂದು ಪ್ರಶ್ನೆ. ಬೋರ್ಡಿನ ಮೇಲೆ ಬರೆಯುತ್ತೇನೆ, ಕಾಣದವರು ಕೇಳಿಸಿಕೊಳ್ಳಿ.

ನಿಯಮ ಇದು: ಮತ್ತೊಬ್ಬರ ಸ್ವಾಧೀನದಲ್ಲಿರುವ ಜಾಗದೊಳಗೆ ಅವರ ಒಪ್ಪಿಗೆಯಿಲ್ಲದೆ ಬೇಕೆಂದೇ ಕಾಲಿಡುವುದು ಅತಿಕ್ರಮ ಪ್ರವೇಶ. ಕಾಲಿಟ್ಟವರ ಉದ್ದೇಶ ಒಳ್ಳೆಯದೋ ಕೆಟ್ಟದ್ದೋ ಎಂದು ನೋಡಬೇಕಾಗಿಲ್ಲ.

ಸಂಗತಿ ಇದು: ಜನವರಿ ತಿಂಗಳು. ಸೋಮಯ್ಯನವರು ಮನೆಮಂದಿಯೊಂದಿಗೆ ಮೈಸೂರಿಗೆ ಮದುವೆಗೆ ಹೋಗಿದ್ದಾರೆ. ಗೇಟಿಗೆ ಬೀಗ ಹಾಕಿದೆ. ಕಣದ ತುಂಬ ಕಾಫಿ ಒಣಗಲು ಹರಡಿದೆ. ಸಂಜೆ ನಾಲ್ಕರ ಹೊತ್ತಿಗೆ ಇದ್ದಕ್ಕಿದ್ದಂತೆ ಮೋಡ ಕವಿಯಿತು. ಪಕ್ಕದ ತೋಟದ ರಾಜುವಿಗೂ ಸೋಮಯ್ಯನವರಿಗೂ ಮೂರು ವರ್ಷದಿಂದ ಮಾತಿಲ್ಲ. ಆದರೂ ರಾಜು ಬೇಲಿ ದಾಟಿ ಹೋಗಿ, ಕಾಫಿಯನ್ನು ರಾಶಿ ಮಾಡಿ, ತನ್ನ ಮನೆಯ ಟಾರ್ಪಾಲು ತಂದು ಹೊದಿಸಿ, ನಾಲ್ಕು ಮೂಲೆಗೂ ಕಲ್ಲು ಹೇರಿ ಬಂದ. ಒಂದು ಕಾಳೂ ನೆನೆಯಲಿಲ್ಲ. ಊರಿಗೆ ಮರಳಿದ ಸೋಮಯ್ಯನವರು ಮೊಕದ್ದಮೆ ಹೂಡಿದರೆ, ರಾಜು ಅತಿಕ್ರಮ ಪ್ರವೇಶಕ್ಕೆ ಹೊಣೆಯೇ?

ಕೈ ಎತ್ತಿ. ಹೊಣೆ ಎನ್ನುವವರು? ಮೂರು ಕೈ. ಅಲ್ಲ ಎನ್ನುವವರು? ಉಳಿದ ಅಷ್ಟೂ ಜನ. ಅಲ್ಲಿ ಕಿಟಕಿಯ ಬಳಿ ಕುಳಿತ ಹಿರಿಯರು ‘ಅವನನ್ನು ಕರೆದು ಊಟ ಹಾಕಬೇಕು’ ಎನ್ನುತ್ತಿದ್ದಾರೆ. ಊಟ ಹಾಕಬೇಕು ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಪರೀಕ್ಷೆಯಲ್ಲಿ ಅಂಕ ಬರುವುದು ಆ ಮೂರು ಕೈಗಳಿಗೆ. ಉದ್ದೇಶವನ್ನು ನೋಡಬೇಡ ಎಂದು ನಿಯಮ ಬಾಯಿಬಿಟ್ಟು ಹೇಳಿದೆ. ಒಪ್ಪಿಗೆ ಇರಲಿಲ್ಲ, ಕಾಲಿಟ್ಟದ್ದು ಬೇಕೆಂದೇ. ಮುಗಿಯಿತು.

ಈಗ ಅದೇ ನಿಯಮಕ್ಕೆ ಒಂದು ವಾಕ್ಯ ಸೇರಿಸುತ್ತೇನೆ: ‘ಪರಂತು, ಸ್ವತ್ತನ್ನು ಆ ಕ್ಷಣದ ಹಾನಿಯಿಂದ ಕಾಪಾಡಲು ಅಗತ್ಯವಾದಷ್ಟು ಮಟ್ಟಿಗೆ ಮಾಡಿದ ಪ್ರವೇಶವು ಅತಿಕ್ರಮವಾಗತಕ್ಕದ್ದಲ್ಲ.’ ರಾಜು ಪಾರಾದ. ಇನ್ನೂ ಒಂದು ಎಳೆ. ಟಾರ್ಪಾಲು ಹೊದಿಸಿದ ಮೇಲೆ ರಾಜು ಸೋಮಯ್ಯನವರ ಜಗುಲಿಯಲ್ಲಿ ಕುಳಿತು ಬೀಡಿ ಸೇದಿ, ಮಳೆ ನಿಂತ ಮೇಲೆ ಹೊರಟ ಎಂದಿಟ್ಟುಕೊಳ್ಳಿ. ಈಗ? ‘ಅಗತ್ಯವಾದಷ್ಟು ಮಟ್ಟಿಗೆ’ ಎಂಬ ಪದಗಳ ಮೇಲೆ ಬೆರಳಿಟ್ಟು ಯೋಚಿಸಿ. ಕಾಪಾಡುವ ಕೆಲಸ ಮುಗಿದಿತ್ತು, ಬೀಡಿ ಅದರ ಭಾಗವಲ್ಲ.

ನಾನು ಇವತ್ತು ಹೇಳಲು ಬಂದದ್ದು ಬಹುಮಟ್ಟಿಗೆ ಇಷ್ಟೇ. ಈ ಪರೀಕ್ಷೆ ನಿಮಗೆ ಎಷ್ಟು ಕಾನೂನು ಗೊತ್ತು ಎಂದು ಕೇಳುವುದಿಲ್ಲ. ನಿಮಗೆ ಮೊದಲೇ ಗೊತ್ತಿರುವುದನ್ನು, ಮನಸ್ಸಿಗೆ ಸರಿ ಎನಿಸಿದ್ದನ್ನು ಎರಡು ಗಂಟೆ ಕಾಲ ಹೊರಗೆ ಬಿಟ್ಟು, ಎದುರಿನ ಹಾಳೆಯಲ್ಲಿ ಇರುವುದನ್ನಷ್ಟೇ ಓದಬಲ್ಲಿರಾ ಎಂದು ಕೇಳುತ್ತದೆ. ಕೇಳಲು ಸುಲಭ. ನನಗೆ ಇದು ಅರ್ಥವಾಗಲು ಒಂದು ಸೋಲು ಬೇಕಾಯಿತು.

ಪರೀಕ್ಷೆಯ ಮೈಕಟ್ಟನ್ನು ಬೇಗ ಹೇಳಿ ಮುಗಿಸುತ್ತೇನೆ. ಹೆಸರು ಕ್ಲಾಟ್, ಅಂದರೆ ಕಾಮನ್ ಲಾ ಅಡ್ಮಿಷನ್ ಟೆಸ್ಟ್. 2008ರಲ್ಲಿ ಶುರುವಾಯಿತು. ಅದಕ್ಕೂ ಮೊದಲು ಒಂದೊಂದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಕ್ಕೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಪರೀಕ್ಷೆ; ಮಕ್ಕಳು ಊರೂರು ಅಲೆಯಬೇಕಿತ್ತು. ಈಗ ಆ ವಿಶ್ವವಿದ್ಯಾಲಯಗಳ ಒಕ್ಕೂಟವೇ ಒಂದು ಪರೀಕ್ಷೆ ನಡೆಸುತ್ತದೆ. ದೆಹಲಿಯದು ಮಾತ್ರ ಐಲೆಟ್ ಎಂಬ ತನ್ನದೇ ಪರೀಕ್ಷೆ ಇಟ್ಟುಕೊಂಡಿದೆ. ಈ ವಿಶ್ವವಿದ್ಯಾಲಯಗಳಲ್ಲಿ ಮೊದಲನೆಯದು ನಮ್ಮ ಬೆಂಗಳೂರಿನ ನಾಗರಭಾವಿಯಲ್ಲಿದೆ. ಮಾಧವ ಮೆನನ್ ಅವರು ಕಟ್ಟಿದ ಆ ಸಂಸ್ಥೆಯಲ್ಲಿ 1988ರಲ್ಲಿ ಮೊದಲ ತಂಡದ ಪಾಠ ಶುರುವಾಯಿತು. ಪಿಯು ಮುಗಿಸಿ ನೇರವಾಗಿ ಐದು ವರ್ಷದ ಕಾನೂನು ಓದು ಎಂಬುದು ದೇಶದಲ್ಲಿ ಬೇರೂರಿದ್ದು ಅಲ್ಲಿಂದ.

ಪ್ರಶ್ನೆಗಳು 120, ಸಮಯ 120 ನಿಮಿಷ. ಸರಿಗೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ. ಕಂಪ್ಯೂಟರ್ ಅಲ್ಲ, ಒಎಂಆರ್ ಹಾಳೆಯ ಮೇಲೆ ಪೆನ್ನಿನಲ್ಲಿ ವೃತ್ತ ತುಂಬಬೇಕು. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಗಣಿತ ಎಂದು ಐದು ಭಾಗ. ಪ್ರಚಲಿತ ವಿದ್ಯಮಾನ ಮತ್ತು ಕಾನೂನು ತರ್ಕ ಸೇರಿದರೆ ಅರ್ಧ ಪತ್ರಿಕೆ. ಗಣಿತದ್ದು ಹತ್ತರಿಂದ ಹದಿನಾಲ್ಕು ಪ್ರಶ್ನೆ, ಅಷ್ಟೇ. ಪಿಯುವಿನಲ್ಲಿ ಶೇ 45 ಅಂಕ ಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 40. ವಿಜ್ಞಾನ, ವಾಣಿಜ್ಯ, ಕಲಾ ಎಂಬ ಭೇದವಿಲ್ಲ.

ಈಗ ಒಂದು ಲೆಕ್ಕ ಮಾಡೋಣ. 2020ರಿಂದ ಈ ಪರೀಕ್ಷೆಯಲ್ಲಿ ಬಿಡಿ ಪ್ರಶ್ನೆಗಳಿಲ್ಲ. ಸುಮಾರು 450 ಪದಗಳ ಒಂದು ಗದ್ಯಭಾಗ, ಅದರ ಕೆಳಗೆ ನಾಲ್ಕೈದು ಪ್ರಶ್ನೆ, ಮತ್ತೆ ಇನ್ನೊಂದು ಗದ್ಯಭಾಗ. ಗಣಿತದವು ಚಿಕ್ಕವಿರುತ್ತವೆ ಎಂದು ಬಿಟ್ಟರೂ ಒಟ್ಟು ಓದು ಹತ್ತು ಸಾವಿರ ಪದಗಳ ಹತ್ತಿರ ಬರುತ್ತದೆ. ನೀವು ನಿಮಿಷಕ್ಕೆ ನೂರು ಇಂಗ್ಲಿಷ್ ಪದ ಓದುವವರಾದರೆ ಓದಿಗೇ ನೂರು ನಿಮಿಷ ಹೋಯಿತು. ಉಳಿದ ಇಪ್ಪತ್ತು ನಿಮಿಷದಲ್ಲಿ 120 ಪ್ರಶ್ನೆಗೆ ಉತ್ತರ ಹುಡುಕಬೇಕು, ಒಂದಕ್ಕೆ ಹತ್ತು ಸೆಕೆಂಡು. ನಿಮಿಷಕ್ಕೆ ಇನ್ನೂರು ಪದ ಓದುವವರಿಗೆ ಎಪ್ಪತ್ತು ನಿಮಿಷ ಉಳಿಯುತ್ತದೆ, ಒಂದು ಪ್ರಶ್ನೆಗೆ ಮೂವತ್ತೈದು ಸೆಕೆಂಡು. ಇಬ್ಬರಿಗೂ ಬುದ್ಧಿ ಒಂದೇ ಇರಬಹುದು, ಕಾನೂನಿನ ತಿಳಿವಳಿಕೆಯೂ ಒಂದೇ. ಆದರೂ ಒಬ್ಬರಿಗೆ ಸೀಟು, ಇನ್ನೊಬ್ಬರಿಗೆ ಇಲ್ಲ.

ನಾನು ಈ ಪರೀಕ್ಷೆ ಬರೆದದ್ದು 2012ರ ಮೇ ತಿಂಗಳಲ್ಲಿ. ಆಗ 200 ಪ್ರಶ್ನೆ, ಸಾಮಾನ್ಯ ಜ್ಞಾನವೆಂದರೆ ಬಾಯಿಪಾಠ. ಅಪ್ಪ ಮೆಣಸು ಮಾರಿದ ಹಣದಲ್ಲಿ ನನ್ನನ್ನು ಒಂದು ತರಬೇತಿ ಸಂಸ್ಥೆಗೆ ಸೇರಿಸಿದರು. ಹೆಸರು ಬೇಡ. ಅಂಚೆಯಲ್ಲಿ ಹನ್ನೆರಡು ಪುಸ್ತಕ ಬಂದವು. ಲ್ಯಾಟಿನ್ ಪದಗಳ ಪಟ್ಟಿಯೇ ನಲವತ್ತು ಪುಟ. ಅಷ್ಟನ್ನೂ ಕಂಠಪಾಠ ಮಾಡಿ, ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬೆಂಗಳೂರಿಗೆ ಹೋಗಿ ಬರೆದೆ. ಕಾನೂನು ಭಾಗದ ಪ್ರಶ್ನೆಗಳಲ್ಲಿ ‘ಇದು ನ್ಯಾಯವೇ’ ಎಂದು ನನ್ನನ್ನು ನಾನೇ ಕೇಳಿಕೊಂಡು ಉತ್ತರಿಸಿದ್ದು ಈಗಲೂ ನೆನಪಿದೆ. ಎಲ್ಲೆಲ್ಲಿ ಬಡವರಿದ್ದರೋ ಅಲ್ಲೆಲ್ಲ ಬಡವರನ್ನು ಗೆಲ್ಲಿಸಿ ಬಂದಿದ್ದೆ. ಬಂದ ರ‍್ಯಾಂಕನ್ನು ಅಪ್ಪನಿಗೆ ಓದಿ ಹೇಳಿದಾಗ ಅವರು ಅದು ಫೋನ್ ನಂಬರ್ ಇರಬೇಕು ಎಂದುಕೊಂಡರು.

ಆಮೇಲೆ ಮೈಸೂರಿನಲ್ಲಿ ಐದು ವರ್ಷ ಕಾನೂನು ಓದಿದೆ. ಅದಕ್ಕೆ ಪ್ರವೇಶ ಪರೀಕ್ಷೆಯೇ ಇರಲಿಲ್ಲ. ಆ ವಿಷಯ ಕೊನೆಗೆ ಹೇಳುತ್ತೇನೆ.

ಈಗ ಇಂಗ್ಲಿಷಿನ ಸಂಗತಿ. ಸಕ್ಕರೆ ಸವರಿ ಹೇಳಲಾರೆ. ಕ್ಲಾಟ್ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. ವೈದ್ಯಕೀಯಕ್ಕೆ ಹೋಗುವ ಮಕ್ಕಳು ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ವಕೀಲರಾಗುವವರು ಬರೆಯುವಂತಿಲ್ಲ. ಪ್ರಾದೇಶಿಕ ಭಾಷೆಗಳಲ್ಲೂ ನಡೆಸಿ ಎಂಬ ಅರ್ಜಿ 2023ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಬಂದಿತ್ತು. ತನ್ನ ಕಕ್ಷಿದಾರನೊಂದಿಗೆ ಕನ್ನಡದಲ್ಲಿ, ಕೊಡವ ತಕ್ಕಿನಲ್ಲಿ, ಅರೆಭಾಷೆಯಲ್ಲಿ ಮಾತನಾಡಬೇಕಾದ ವಕೀಲನನ್ನು ಆರಿಸಲು ಇಂಗ್ಲಿಷಿನ ಓಟದ ವೇಗವನ್ನೇ ಅಳತೆಗೋಲು ಮಾಡಿದ್ದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಒಪ್ಪಿಗೆಯಿಲ್ಲ ಎಂದು ಕೂತರೆ ಡಿಸೆಂಬರಿನ ಪರೀಕ್ಷೆ ಕಾಯುವುದಿಲ್ಲ.

ನನ್ನ ಅಕ್ಕನ ಮಗಳು 2024ರ ಡಿಸೆಂಬರ್ 1ರಂದು ಬರೆದಳು. ಅವಳೂ ಹತ್ತರವರೆಗೆ ಕನ್ನಡ ಮಾಧ್ಯಮ. ಒಂದೂವರೆ ವರ್ಷ ಅವಳ ಜೊತೆ ಕುಳಿತು ನಾನೂ ಓದಿದೆ. ಅವಳು ಏನು ಮಾಡಿದಳು ಎಂದಷ್ಟೇ ಹೇಳಬಲ್ಲೆ.

ಮೊದಲ ದಿನ ಒಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯದಲ್ಲಿ 450 ಪದ ಎಣಿಸಿ ಗೆರೆ ಎಳೆದು ಅವಳ ಕೈಗೆ ಕೊಟ್ಟೆ. ಅಡುಗೆಮನೆಯ ಗೋಡೆ ಗಡಿಯಾರ ನೋಡುತ್ತ ನಿಂತೆ. ಐದು ನಿಮಿಷ ಹಿಡಿಯಿತು. ಓದಿ ಮುಗಿಸಿದ ಮೇಲೆ ‘ಬರೆದವರು ಯಾವುದನ್ನು ವಿರೋಧಿಸುತ್ತಿದ್ದಾರೆ’ ಎಂದು ಕೇಳಿದರೆ ಸುಮ್ಮನೆ ನನ್ನ ಮುಖ ನೋಡಿದಳು. ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡೆವು. ಒಂದೇ ಸುದ್ದಿಯನ್ನು ಮೊದಲು ಕನ್ನಡ ಪತ್ರಿಕೆಯಲ್ಲಿ ಓದುವುದು, ಆಮೇಲೆ ಇಂಗ್ಲಿಷ್ ಪತ್ರಿಕೆಯಲ್ಲಿ. ಸಂಗತಿ ಆಗಲೇ ಗೊತ್ತಿರುವುದರಿಂದ ಗಮನವೆಲ್ಲ ವಾಕ್ಯದ ಹೆಣಿಗೆಯ ಮೇಲೆ ಹೋಗುತ್ತದೆ. ಗೊತ್ತಿಲ್ಲದ ಪದ ಬಂದರೆ ನಿಲ್ಲುವ ಹಾಗಿಲ್ಲ. ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟು ಮುಂದೆ ಹೋಗಬೇಕು, ಕೊನೆಯಲ್ಲಿ ಹಿಂತಿರುಗಿ ನೋಡಬೇಕು. ಅರ್ಧಕ್ಕರ್ಧ ಚುಕ್ಕೆಗಳ ಅರ್ಥ ಅಷ್ಟರಲ್ಲಿ ತಾನಾಗಿಯೇ ಬಿಡಿಸಿಕೊಂಡಿರುತ್ತಿತ್ತು. ಮುಂದಿನ ವರ್ಷದ ಅಕ್ಟೋಬರ್ ಹೊತ್ತಿಗೆ ಅದೇ ಗಡಿಯಾರ ಎರಡೂವರೆ ನಿಮಿಷ ತೋರಿಸಿತು.

ಇನ್ನೊಂದು ಸಾಮಗ್ರಿ ನಮ್ಮವರಿಗೆ ಗೊತ್ತೇ ಇಲ್ಲ. ಸುಪ್ರೀಂ ಕೋರ್ಟು 2019ರಿಂದ ತನ್ನ ಆಯ್ದ ತೀರ್ಪುಗಳ ಅನುವಾದಗಳನ್ನು ಪ್ರಾದೇಶಿಕ ಭಾಷೆಗಳಲ್ಲಿ ತನ್ನ ಜಾಲತಾಣದಲ್ಲೇ ಹಾಕುತ್ತಿದೆ. ಕನ್ನಡ ಮೊದಲ ಕಂತಿನಲ್ಲೇ ಇತ್ತು. ಕನ್ನಡದ ತೀರ್ಪು ಎಡಗಡೆ, ಇಂಗ್ಲಿಷಿನದು ಬಲಗಡೆ ಇಟ್ಟುಕೊಂಡು ಓದಿ. ಅನುವಾದದ ಕನ್ನಡ ಕೆಲವೊಮ್ಮೆ ಹಲ್ಲಿಗೆ ಸಿಕ್ಕಿದ ಹುಣಸೆ ನಾರಿನಂತಿರುತ್ತದೆ, ಸಹಿಸಿಕೊಳ್ಳಿ. ಲಾಭ ಏನೆಂದರೆ, ನಮ್ಮ ಕಾಯಿದೆಗಳ ಕನ್ನಡ ‘ತಕ್ಕದ್ದು’ ಮತ್ತು ‘ಬಹುದು’ ಎಂಬ ಎರಡನ್ನು ಎಂದೂ ಬೆರೆಸುವುದಿಲ್ಲ. ‘ನೋಟಿಸು ಕೊಡತಕ್ಕದ್ದು’ ಎಂದರೆ ಕೊಡಲೇಬೇಕು, ‘ಕೊಡಬಹುದು’ ಎಂದರೆ ಅಧಿಕಾರಿಯ ಇಷ್ಟ. ಇಂಗ್ಲಿಷಿನಲ್ಲಿ ಷಲ್ ಮತ್ತು ಮೇ ನಡುವೆ ನಮ್ಮ ಮಕ್ಕಳು ಎಡವುವುದು ಅವೆರಡನ್ನೂ ಬರಿಯ ವ್ಯಾಕರಣ ಎಂದುಕೊಂಡಿರುವುದರಿಂದ. ಅಕ್ಕನ ಮಗಳು ಎಲ್ಲ ಷಲ್‌ಗೂ ಮನಸ್ಸಿನಲ್ಲೇ ತಕ್ಕದ್ದು ಎಂದು ಹೇಳಿಕೊಳ್ಳತೊಡಗಿದ ಮೇಲೆ ಆ ತಪ್ಪು ನಿಂತಿತು. ಹಾಗೆಯೇ ‘ಪ್ರೊವೈಡೆಡ್ ದಟ್’ ಕಂಡಲ್ಲೆಲ್ಲ ‘ಪರಂತು’. ಪರಂತು ಬಂತೆಂದರೆ ಹಿಂದಿನ ನಿಯಮಕ್ಕೆ ತೂತು ಬೀಳಲಿದೆ ಎಂದು ಎಚ್ಚರವಾಗಬೇಕು. ರಾಜು ಪಾರಾದದ್ದು ಆ ತೂತಿನಿಂದಲೇ.

ಮಳೆ ಸ್ವಲ್ಪ ಕಡಿಮೆಯಾಯಿತು. ಈ ಊರಿಗೆ ಹತ್ತಿರದ ಒಂದು ತೀರ್ಪಿನ ಕಥೆ ಹೇಳುತ್ತೇನೆ.

ಸಿ.ಬಿ. ಮುತ್ತಮ್ಮ. ಇಲ್ಲೇ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದವರು. ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ, 1949ರಲ್ಲಿ. ಆಗ ಆ ಸೇವೆಯ ನಿಯಮ ಹೇಗಿತ್ತೆಂದರೆ, ಮಹಿಳಾ ಅಧಿಕಾರಿ ಮದುವೆಯಾಗಲು ಸರ್ಕಾರದಿಂದ ಲಿಖಿತ ಅನುಮತಿ ಪಡೆಯಬೇಕು. ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆ ಕೇಳಬಹುದು. ಮದುವೆಯಾದ ಮಹಿಳೆಗೆ ನೇಮಕಾತಿಯ ಹಕ್ಕೇ ಇಲ್ಲ ಎಂದು ಇನ್ನೊಂದು ನಿಯಮ. ಗಂಡಸರಿಗೆ ಇದಾವುದೂ ಇರಲಿಲ್ಲ. ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪು ಬಂತು. ಸಮಾನತೆಯನ್ನು ಹೇಳುವ ಸಂವಿಧಾನದ 14 ಮತ್ತು 16ನೇ ವಿಧಿಗಳಿಗೆ ಈ ನಿಯಮಗಳು ಎಷ್ಟು ವಿರುದ್ಧವಾಗಿವೆ ಎಂಬುದನ್ನು ತೀರ್ಪು ಖಾರವಾಗಿಯೇ ಹೇಳುತ್ತದೆ. ಅಷ್ಟರಲ್ಲಿ ಸರ್ಕಾರ ಅವರಿಗೆ ಬಡ್ತಿ ಕೊಟ್ಟಾಗಿತ್ತು, ಆದ್ದರಿಂದ ಅರ್ಜಿ ವಜಾ ಆಯಿತು. ವಜಾ ಮಾಡುತ್ತಿರುವುದು ಅರ್ಜಿಯನ್ನು, ಸಮಸ್ಯೆಯನ್ನಲ್ಲ ಎಂಬರ್ಥದ ಮಾತು ಆ ತೀರ್ಪಿನಲ್ಲಿದೆ.

ನಮ್ಮೂರ ಹೆಣ್ಣುಮಗಳು ಸರ್ಕಾರದ ಎದುರು ನಿಂತ ಕಥೆ ಎಂದು ನಿಮಗೆ ಹೆಮ್ಮೆಯಾಯಿತಲ್ಲವೇ? ನನಗೂ ಆಗುತ್ತದೆ. ಈಗ ಇದೇ ತೀರ್ಪಿನ ಭಾಗ ಪರೀಕ್ಷೆಯಲ್ಲಿ ಬಂತು ಎಂದುಕೊಳ್ಳಿ. ಮೊದಲ ಪ್ರಶ್ನೆ: ಮುತ್ತಮ್ಮನವರು ಅರ್ಜಿಯನ್ನು ಗೆದ್ದರೇ? ಹೆಮ್ಮೆಯಿಂದ ಓದಿದವರು ಗೆದ್ದರು ಎಂದು ವೃತ್ತ ತುಂಬುತ್ತಾರೆ. ಕಾಲು ಅಂಕ ಹೋಯಿತು. ಎರಡನೆಯ ಪ್ರಶ್ನೆ: ಯಾವ ಉದ್ಯೋಗದಲ್ಲೂ ಎಂದಿಗೂ ಹೆಣ್ಣು ಗಂಡಿನ ನಡುವೆ ನಿಯಮದಲ್ಲಿ ವ್ಯತ್ಯಾಸ ಮಾಡುವಂತಿಲ್ಲ ಎಂದು ಈ ತೀರ್ಪು ಹೇಳುತ್ತದೆಯೇ? ಹೇಳುವುದಿಲ್ಲ. ಎಲ್ಲ ಉದ್ಯೋಗಗಳಿಗೂ ಎಲ್ಲ ಸಂದರ್ಭಗಳಿಗೂ ಅನ್ವಯಿಸುವ ಮಾತು ಇದಲ್ಲ, ಕೆಲವು ಕೆಲಸಗಳ ಸ್ವರೂಪ ಆಯ್ಕೆಯಲ್ಲಿ ಭೇದವನ್ನು ಬೇಡಬಹುದು ಎಂದು ನ್ಯಾಯಮೂರ್ತಿಗಳು ಒಂದು ವಾಕ್ಯದಲ್ಲಿ ಎಚ್ಚರಿಕೆ ಇಟ್ಟಿದ್ದಾರೆ. ಆ ವಾಕ್ಯ ಉದ್ದವಿದೆ, ಇಂಗ್ಲಿಷೂ ಕಠಿಣ. ಓದುವವರ ಕಣ್ಣು ಜಾರುವುದು ಅಲ್ಲೇ, ಪ್ರಶ್ನೆ ಕೇಳುವವರು ಕಾದು ಕೂರುವುದೂ ಅಲ್ಲೇ. ಅಕ್ಕನ ಮಗಳು ಇದನ್ನು ತಪ್ಪು ಮಾಡಿದಳು. ನಾನೂ, ವಕೀಲೆಯಾಗಿ ಆರು ವರ್ಷ ಕಳೆದ ಮೇಲೆ, ಮೊದಲ ಓದಿಗೆ ತಪ್ಪು ಮಾಡಿದೆ.

ಇನ್ನೂ ಹತ್ತಿರದ್ದು ಬೇಕೆ? ಕೋವಿ. ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದಿನ ದಿನ ನಿಮ್ಮಲ್ಲಿ ಹಲವರ ಮನೆಯಲ್ಲಿ ಹೂವಿಟ್ಟು ಪೂಜಿಸುವ ಕೋವಿ. ಆಯುಧ ಕಾಯಿದೆಯ 41ನೇ ಪ್ರಕರಣದ ಅಡಿಯಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಪರವಾನಗಿಯ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಇದು ಸಮಾನತೆಯ ಹಕ್ಕಿಗೆ ವಿರುದ್ಧ ಎಂಬ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2021ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. ಮನೆಯಲ್ಲಿ ಕೋವಿ ಇರುವ ಹುಡುಗ ಈ ಗದ್ಯಭಾಗ ಓದುವ ಮೊದಲೇ ‘ಸರಿಯಾಗಿದೆ’ ಎಂದು ತೀರ್ಮಾನಿಸಿರುತ್ತಾನೆ. ಸಿದ್ದಾಪುರದಲ್ಲಿ ತೋಟದ ಕಾರ್ಮಿಕರ ಲೈನ್ ಮನೆಯ ಹುಡುಗಿ ‘ಅವರಿಗೆ ಮಾತ್ರ ಏಕೆ’ ಎಂದುಕೊಂಡಿರುತ್ತಾಳೆ. ಇಬ್ಬರ ಮಾತಿಗೂ ಊರಿನ ಕಟ್ಟೆಯ ಮೇಲೆ ಬೆಲೆಯಿದೆ. ಪರೀಕ್ಷೆ ಕೇಳುವುದು ಬೇರೆ: ವರ್ಗೀಕರಣಕ್ಕೆ ಗುರುತಿಸಬಲ್ಲ ಆಧಾರವಿದೆಯೇ, ಆ ಆಧಾರಕ್ಕೂ ಕಾನೂನಿನ ಉದ್ದೇಶಕ್ಕೂ ಸಂಬಂಧವಿದೆಯೇ. ಗದ್ಯಭಾಗದಲ್ಲಿ ಕೊಟ್ಟ ಅಳತೆಗೋಲನ್ನು ಹಿಡಿದು ಇಬ್ಬರೂ ಒಂದೇ ಉತ್ತರಕ್ಕೆ ಬರಬೇಕು. ಉತ್ತರ ಗುರುತಿಸಿ ಮನೆಗೆ ಹೋದ ಮೇಲೆ ಎಷ್ಟು ಬೇಕಾದರೂ ಜಗಳವಾಡಿ.

ಪ್ರಚಲಿತ ವಿದ್ಯಮಾನಕ್ಕೆ ಮಾಸಿಕ ಕೈಪಿಡಿಗಳನ್ನು ಕೊಂಡು ರಾಶಿ ಹಾಕುವವರೇ ಹೆಚ್ಚು. ನನಗೆ ಅವುಗಳಲ್ಲಿ ನಂಬಿಕೆಯಿಲ್ಲ. ಒಂದು ಸುದ್ದಿ ಹಿಡಿದು ಅದರ ಹಿಂದಿನ ಕಾನೂನಿನವರೆಗೆ ಹೋಗಿ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿಯಿತು. ಕುಟ್ಟದ ಆಚೆಗೇ ವಯನಾಡು ಶುರು, ನಮಗೆ ಅದು ದೂರದ ಸುದ್ದಿಯಲ್ಲ. 2018ರ ಆಗಸ್ಟ್‌ನಲ್ಲಿ ನಮ್ಮಲ್ಲೇ ಗುಡ್ಡ ಕುಸಿದದ್ದನ್ನು ಕಂಡವರು ನಾವು. ಮರುದಿನ, ಜುಲೈ 31ರಂದು, ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಬಗ್ಗೆ ಕೇಂದ್ರದ ಕರಡು ಅಧಿಸೂಚನೆ ಬಂತು. ಆರು ರಾಜ್ಯಗಳು, 56 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. ಅದು ಆರನೇ ಕರಡು. ಕರಡು ಯಾವ ಕಾಯಿದೆಯ ಕೆಳಗೆ? 1986ರ ಪರಿಸರ ಸಂರಕ್ಷಣಾ ಕಾಯಿದೆ. ಅದಕ್ಕೂ ಹಿಂದೆ ಏನಿತ್ತು? 2011ರ ಗಾಡ್ಗೀಳ್ ಸಮಿತಿ ವರದಿ, 2013ರ ಕಸ್ತೂರಿರಂಗನ್ ವರದಿ. ಕರಡು ಏಕೆ ಅಂತಿಮವಾಗುವುದಿಲ್ಲ? ಅದಕ್ಕೆ ಉತ್ತರ ನಿಮ್ಮ ಗ್ರಾಮ ಪಂಚಾಯಿತಿಯಲ್ಲೇ ಸಿಗುತ್ತದೆ, ಹೋಗಿ ಕೇಳಿ. ಇಷ್ಟನ್ನು ನೋಟ್ ಪುಸ್ತಕದ ಒಂದು ಪುಟದಲ್ಲಿ ಬರೆದರೆ ಹತ್ತು ಕೈಪಿಡಿಗಿಂತ ಮೇಲು. ವಾರಕ್ಕೆ ಎರಡು ಪುಟ ಸಾಕು.

ಗಣಿತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶೇಕಡಾ, ಅನುಪಾತ, ಸರಾಸರಿ; ಹತ್ತನೇ ತರಗತಿಯ ಮಟ್ಟ. ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಮಾರುವ ಮನೆಯ ಮಕ್ಕಳಿಗೆ ಔಟ್‌ಟರ್ನ್ ಗೊತ್ತು: ಒಂದು ಚೀಲ ಚೆರ್ರಿಯಿಂದ ಎಷ್ಟು ಕೆಜಿ ಬೀಜ ಬರುತ್ತದೆ ಎಂಬ ಲೆಕ್ಕ. ಐವತ್ತು ಕೆಜಿ ಚೀಲಕ್ಕೆ 27 ಔಟ್‌ಟರ್ನ್ ಎಂದರೆ ಶೇಕಡಾ ಎಷ್ಟು ಬೀಜ ಬಂತು? ಐವತ್ತನಾಲ್ಕು. ವ್ಯಾಪಾರಿ 26 ಎಂದು ಬರೆದುಕೊಂಡರೆ ನೂರು ಚೀಲಕ್ಕೆ ಎಷ್ಟು ಕೆಜಿ ನಷ್ಟ? ನೂರು. ನಿಮ್ಮ ತಂದೆ ಇದನ್ನು ಕಾಗದ ಪೆನ್ನಿಲ್ಲದೆ ಹೇಳುತ್ತಾರೆ. ಗಣಿತಕ್ಕೆ ಹೆದರಿ ಕಲಾ ವಿಭಾಗಕ್ಕೆ ಬಂದವರು ಈ ಹನ್ನೆರಡು ಅಂಕವನ್ನು ಪೂರ್ತಿ ಬಿಟ್ಟು ಬರುವುದನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಗೊತ್ತಿಲ್ಲದ ಪ್ರಶ್ನೆಗೆ ಗುರುತು ಹಾಕಬೇಕೇ, ಬಿಡಬೇಕೇ? ಬಿಡಿ ಎಂದೇ ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ನಾಲ್ಕು ಆಯ್ಕೆ, ಕಣ್ಣು ಮುಚ್ಚಿ ಹದಿನಾರು ಪ್ರಶ್ನೆಗೆ ಗುರುತು ಹಾಕಿದರೆ ಸರಾಸರಿ ನಾಲ್ಕು ಸರಿ, ಹನ್ನೆರಡು ತಪ್ಪು. ನಾಲ್ಕರಲ್ಲಿ ಮೂರು ಕಳೆದರೆ ಒಂದು ಅಂಕ ಲಾಭ. ಅಂದರೆ ನಷ್ಟವಿಲ್ಲ, ಲಾಭವೂ ಹೆಸರಿಗೆ ಮಾತ್ರ. ಅದೃಷ್ಟ ಕೆಟ್ಟರೆ ಅದೂ ಇಲ್ಲ. ಆದರೆ ಎರಡು ಆಯ್ಕೆಗಳನ್ನು ಖಚಿತವಾಗಿ ಹೊಡೆದುಹಾಕಲು ಸಾಧ್ಯವಾದರೆ ಅದೇ ಹದಿನಾರರಲ್ಲಿ ಎಂಟು ಸರಿ, ಎಂಟು ತಪ್ಪು, ನಿವ್ವಳ ಆರು. ಆರು ಅಂಕ ಎಂದರೆ ರ‍್ಯಾಂಕಿನಲ್ಲಿ ನೂರಾರು ಜನರನ್ನು ದಾಟಬಹುದು. ಒಂದು ಆಯ್ಕೆಯೂ ಹೊರಬೀಳದಿದ್ದರೆ ಬಿಡಿ. ಎರಡು ಹೊರಬಿದ್ದರೆ ಧೈರ್ಯ ಮಾಡಿ. ಒಂದು ಮಾತ್ರ ಹೊರಬಿದ್ದರೆ ನಿಮ್ಮ ಸ್ವಭಾವ ನೋಡಿಕೊಳ್ಳಿ.

ಅಣಕು ಪರೀಕ್ಷೆ ಬರೆಯಿರಿ, ಆದರೆ ಮೊಬೈಲಿನ ಮೇಲೆ ಬೇಡ. ನಿಜವಾದ ಪರೀಕ್ಷೆ ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಊಟ ಮಾಡಿ ಕಣ್ಣು ಎಳೆಯುವ ಹೊತ್ತಿನಲ್ಲಿ. ನೀವೂ ಭಾನುವಾರ ಎರಡು ಗಂಟೆಗೇ ಪ್ರಿಂಟು ಮಾಡಿಸಿದ ಹಾಳೆಯಲ್ಲಿ, ವೃತ್ತ ತುಂಬುತ್ತ ಬರೆಯಿರಿ. ಬರೆದ ಎರಡು ಗಂಟೆಗಿಂತ ತಪ್ಪುಗಳನ್ನು ನೋಡುವ ಮೂರು ಗಂಟೆ ದೊಡ್ಡದು. ಪ್ರತಿ ತಪ್ಪಿನ ಮುಂದೆ ಕಾರಣ ಬರೆಯಿರಿ: ಓದಲಿಲ್ಲ, ಅರ್ಥವಾಗಲಿಲ್ಲ, ನನ್ನ ಅಭಿಪ್ರಾಯ ತಂದೆ. ಅಕ್ಕನ ಮಗಳ ಪುಸ್ತಕದಲ್ಲಿ ಮೊದಲ ಮೂರು ತಿಂಗಳು ಮೂರನೆಯ ಕಾರಣವೇ ತುಂಬಿತ್ತು. ಮನೆತನದ ಗುಣ ಇರಬೇಕು.

ಹಣದ ವಿಷಯಕ್ಕೆ ಬರೋಣ. ತಂದೆ ತಾಯಂದಿರು ಕಾಯುತ್ತಿರುವುದು ಅದಕ್ಕೇ. ಅರ್ಜಿ ಶುಲ್ಕವೇ ಈಚಿನ ವರ್ಷಗಳಲ್ಲಿ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ. ಸೀಟು ಸಿಕ್ಕರೆ ವರ್ಷದ ಖರ್ಚು ಲಕ್ಷಗಳಲ್ಲಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಶೇ 25 ಸೀಟು ಕರ್ನಾಟಕದ ವಿದ್ಯಾರ್ಥಿಗಳಿಗೆ ಎಂದಿದೆ. ರಾಜ್ಯದಲ್ಲಿ ಕನಿಷ್ಠ ಹತ್ತು ವರ್ಷ ಓದಿರಬೇಕು. ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಈಗಲೇ ತೆಗೆದಿಟ್ಟುಕೊಳ್ಳಿ. ಅರ್ಜಿ ಮಳೆಗಾಲದಲ್ಲಿ ತೆರೆದು ಅಕ್ಟೋಬರ್ ಸುಮಾರಿಗೆ ಮುಚ್ಚುತ್ತದೆ. ಕೊನೆಯ ದಿನ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವ ಪಾಡು ಬೇಡ.

ಬರೆದ ಮೇಲೂ ನೆಮ್ಮದಿ ಖಾತ್ರಿಯಿಲ್ಲ. 2024ರ ಡಿಸೆಂಬರ್ ಪರೀಕ್ಷೆಯ ಉತ್ತರ ಸೂಚಿಯಲ್ಲೇ ತಪ್ಪಿದೆ ಎಂದು ವಿದ್ಯಾರ್ಥಿಗಳು ಹೈಕೋರ್ಟಿಗೆ ಹೋದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಏರಿ, ಸೀಟು ಹಂಚಿಕೆ ತಿಂಗಳುಗಟ್ಟಲೆ ನಿಂತಿತು. ವಕೀಲರಾಗುವ ಮೊದಲೇ ಕಕ್ಷಿದಾರರಾದರು ಎಂದು ನಾವು ಕೋರ್ಟಿನ ಕ್ಯಾಂಟೀನಿನಲ್ಲಿ ನಗುತ್ತಿದ್ದೆವು. ಮನೆಯಲ್ಲಿ ಅಕ್ಕನ ಮಗಳು ದಿನಾ ಮೊಬೈಲ್ ನೋಡುತ್ತ ಬಡಕಲಾಗಿದ್ದಳು. ಬೆಂಗಳೂರು ಸಿಗಲಿಲ್ಲ. ಬೇರೆ ರಾಜ್ಯದಲ್ಲಿ ಓದುತ್ತಿದ್ದಾಳೆ, ಅಲ್ಲಿಯ ಸಾರಿನ ಬಗ್ಗೆ ವಾರಕ್ಕೊಮ್ಮೆ ದೂರು ಬರುತ್ತದೆ.

ಸಿಗದಿದ್ದರೆ? ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ, 2009ರಲ್ಲಿ ಶುರುವಾದದ್ದು. ಅದರ ಅಧೀನದ ಕಾಲೇಜುಗಳಲ್ಲಿ ಪಿಯು ಅಂಕದ ಮೇಲೆ ಐದು ವರ್ಷದ ಕಾನೂನಿಗೆ ಸೇರಬಹುದು. ನಾನು ಮೈಸೂರಿನಲ್ಲಿ ಓದಿದ್ದು ಅಂಥ ಕಾಲೇಜಿನಲ್ಲಿಯೇ. ಶುಲ್ಕ ನಮ್ಮಂಥವರ ಕೈಗೆಟುಕುತ್ತದೆ. ವಕಾಲತ್ತು ಹಾಕುವಾಗ ಯಾವ ನ್ಯಾಯಾಧೀಶರೂ ನನ್ನ ಕ್ಲಾಟ್ ರ‍್ಯಾಂಕ್ ಕೇಳಿಲ್ಲ. ಆದರೆ ನಿಜ ಹೇಳಬೇಕೆಂದರೆ, ದೊಡ್ಡ ಕಾನೂನು ಸಂಸ್ಥೆಗಳ ಬಾಗಿಲು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಂದ ಬಂದವರಿಗೆ ಬೇಗ ತೆರೆಯುತ್ತದೆ, ನನಗೆ ತೆರೆಯಲಿಲ್ಲ. ಎರಡೂ ಮಾತನ್ನು ಒಟ್ಟಿಗೆ ಇಟ್ಟುಕೊಂಡು ತೀರ್ಮಾನ ಮಾಡಿ.

ಪ್ರಶ್ನೆಗಳಿದ್ದರೆ ಕೇಳಿ. ಈ ತಾಯಿ ಕೇಳುತ್ತಿದ್ದಾರೆ: ಡಿಸೆಂಬರ್ ಎಂದರೆ ಪುತ್ತರಿ ಹಬ್ಬ, ಕಾಫಿ ಕೊಯ್ಲು, ಆಳಿಲ್ಲ, ಮಗಳು ಮನೆಯಲ್ಲಿ ಬೇಕು. ಅಮ್ಮಾ, ತಪ್ಪು ನಿಮ್ಮದಲ್ಲ, ಪರೀಕ್ಷೆಯ ದಿನಾಂಕ ನಿಗದಿ ಮಾಡಿದವರ ಮನೆಯಲ್ಲಿ ಕಾಫಿ ತೋಟವಿಲ್ಲ. ನವೆಂಬರ್ ಒಂದು ತಿಂಗಳು ಮಧ್ಯಾಹ್ನ ಎರಡರಿಂದ ನಾಲ್ಕು ಅವಳನ್ನು ಬಿಟ್ಟುಬಿಡಿ. ಬೆಳಿಗ್ಗೆ ಕೊಯ್ಯಲಿ, ಸಂಜೆ ಚೀಲ ತೂಗಲಿ.

ಅಲ್ಲಿ ಕೊನೆಯ ಹುಡುಗ ಏನೋ ಕೇಳಬೇಕೆಂದಿದ್ದಾನೆ. ಜೋರಾಗಿ ಹೇಳಪ್ಪ. ಸೋಮಯ್ಯನವರು ನಿಜವಾಗಿ ಕೇಸು ಹಾಕಲು ನನ್ನ ಕಚೇರಿಗೆ ಬಂದರೆ ಏನು ಮಾಡುತ್ತೇನೆ ಎಂದೇ? ಕೂರಿಸಿ ಕಾಫಿ ತರಿಸುತ್ತೇನೆ. ಆಮೇಲೆ ರಾಜುವಿನ ಟಾರ್ಪಾಲು ವಾಪಸು ಕೊಟ್ಟಾಯಿತೇ ಎಂದು ಕೇಳುತ್ತೇನೆ.